ಕ್ಷಣ ಬಾಳಿ ಸಾಕ್ಷಿ ಹೇಳುವ ಯಂತ್ರಗಳು

ಇಪ್ಪತ್ತು ವರ್ಷದ ಹಿಂದೆ ಲಿನಕ್ಸ್ ಕರ್ನಲ್‌ನ ಬಾಗಿಲು ತಟ್ಟಿದ ಕೆವಿಎಂ ಇಂದು ಕ್ಲೌಡ್‌ನ ಬೆನ್ನೆಲುಬು. ನಿನ್ನೆ ಸರಿಯಿದ್ದದ್ದು ಇಂದೂ ಸರಿಯಿದೆಯೇ ಎಂದು ಅದನ್ನು ಹಗಲಿರುಳು ಕೆಣಕಿ ನೋಡುವುದು ಕಣ್ಣಿಗೆ ಬೀಳದ ನೂರಾರು ಪುಟ್ಟ ಪರೀಕ್ಷೆಗಳು. ಪರೀಕ್ಷೆ ಬರೆಯಲಾಗದ ಒಂದೇ ಒಂದು ದೋಷ ಮಾತ್ರ ಕರ್ನಲ್ ಪಂಡಿತರನ್ನು ವರ್ಷಗಟ್ಟಲೆ ಹೆದರಿಸಿತು!

ಅದಕ್ಕೆ ಪರದೆಯಿಲ್ಲ, ಕೀಬೋರ್ಡ್ ಇಲ್ಲ, ಡಿಸ್ಕ್ ಇಲ್ಲ. ಆನ್ ಮಾಡುವ ಗುಂಡಿಯೂ ಇಲ್ಲ. ಟರ್ಮಿನಲ್‌ನಲ್ಲಿ ಒಂದು ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಆ ಕಂಪ್ಯೂಟರ್ ಹುಟ್ಟುತ್ತದೆ.

ಹುಟ್ಟಿದ ಕೂಡಲೇ ಬೂಟ್ ಆಗುವ ಗೋಜಿಲ್ಲ. ಬಯಾಸ್ ಇಲ್ಲ, ವಿಂಡೋಸ್ ಇಲ್ಲ, ಲಿನಕ್ಸೂ ಇಲ್ಲ. ಅದರ ಪ್ರೊಸೆಸರ್ ನೇರವಾಗಿ ಒಂದು ಸಿ ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಕಣ್ಣು ಬಿಡುತ್ತದೆ. ಒಂದು ರಿಜಿಸ್ಟರಿಗೆ ಏನನ್ನೋ ಬರೆಯುತ್ತದೆ, ತಿರುಗಿ ಓದುತ್ತದೆ, ಬರೆದದ್ದೇ ಇದೆಯೇ ಎಂದು ನೋಡುತ್ತದೆ, ಹೊರಗಿನವರಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಪರದೆಯ ಮೇಲೆ ಉಳಿಯುವುದು ಒಂದೇ ಮಾತು: ಓಕೆ.

ಮರುಕ್ಷಣ ಇನ್ನೊಂದು ಕಂಪ್ಯೂಟರ್ ಹುಟ್ಟುತ್ತದೆ. ಅದರ ಬಳಿ ಬೇರೆ ಪ್ರಶ್ನೆ. ಆಮೇಲೆ ಮತ್ತೊಂದು.

ಇವು ಲಿನಕ್ಸ್ ಕರ್ನಲ್‌ನ ಕೆವಿಎಂ ಸೆಲ್ಫ್‌ಟೆಸ್ಟ್‌ಗಳು. ಒಂದು ಯಂತ್ರದೊಳಗೆ ಹಲವು ಯಂತ್ರಗಳಿವೆ ಎಂಬ ಭ್ರಮೆಯನ್ನು ಕರ್ನಲ್ ಸರಿಯಾಗಿ ಸೃಷ್ಟಿಸುತ್ತಿದೆಯೇ ಎಂದು ಕೇಳುವುದಷ್ಟೇ ಇವುಗಳ ಕೆಲಸ.

ಬಾಡಿಗೆ ಯಂತ್ರಗಳ ಲೋಕ

ಮೊಬೈಲಿನಲ್ಲಿ ಸಿನಿಮಾ ಟಿಕೆಟ್ ಕಾದಿರಿಸುವಾಗ ಆಚೆ ಬದಿಯಲ್ಲಿ ಉತ್ತರ ಕೊಡುವ ಸರ್ವರ್ ಬಹುಶಃ ನಿಜವಾದ ಯಂತ್ರವಲ್ಲ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಡೇಟಾ ಸೆಂಟರಿನ ಒಂದು ದೈತ್ಯ ಯಂತ್ರದೊಳಗೆ ಹತ್ತಾರು ವರ್ಚುವಲ್ ಯಂತ್ರಗಳು ಓಡುತ್ತಿರುತ್ತವೆ. ಒಂದು ಬ್ಯಾಂಕಿನದು, ಪಕ್ಕದ್ದು ಆಟದ ಕಂಪನಿಯದು. ಪ್ರತಿಯೊಂದೂ ಇಡೀ ಪ್ರೊಸೆಸರ್, ಇಡೀ ಮೆಮೊರಿ ತನ್ನದೇ ಎಂದು ನಂಬಿರುತ್ತದೆ.

ಈ ನಂಬಿಕೆಯನ್ನು ಕಾಪಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಲಿನಕ್ಸ್ ಕರ್ನಲ್‌ನೊಳಗಿನ ಹೈಪರ್‌ವೈಸರೇ ಕೆವಿಎಂ. ಗೂಗಲ್‌ನ ಕಂಪ್ಯೂಟ್ ಎಂಜಿನ್ ಓಡುವುದು ಕೆವಿಎಂ ಮೇಲೆ. ಅಮೆಜಾನ್ ತನ್ನ ನೈಟ್ರೊ ಹೈಪರ್‌ವೈಸರನ್ನು ಕಟ್ಟಿದ್ದೂ ಕೆವಿಎಂ ಆಧಾರದಲ್ಲೇ.

ಕೆವಿಎಂ ಹುಟ್ಟಿದ್ದು ಇಸ್ರೇಲಿನ ಕುಮ್‌ರಾನೆಟ್ ಎಂಬ ಪುಟ್ಟ ಕಂಪನಿಯಲ್ಲಿ. ಆವಿ ಕಿವಿಟಿ 2006ರ ಅಕ್ಟೋಬರ್‌ನಲ್ಲಿ ಅದರ ಕೋಡನ್ನು ಲಿನಕ್ಸ್ ಬಳಗದ ಮುಂದಿಟ್ಟರು. ನಾಲ್ಕೇ ತಿಂಗಳಲ್ಲಿ, 2007ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 2.6.20ರಲ್ಲಿ ಅದು ಸೇರಿಹೋಗಿತ್ತು. ಕರ್ನಲ್ ಬಳಗದಲ್ಲಿ ಇಷ್ಟು ಬೇಗ ಒಪ್ಪಿಗೆ ಸಿಗುವುದು ಅಪರೂಪ.

ಕಿವಿಟಿಯವರ ಜಾಣತನ ಇದ್ದದ್ದು ಕಡಿಮೆ ಮಾಡುವುದರಲ್ಲಿ. ಶೆಡ್ಯೂಲರ್, ಮೆಮೊರಿ ನಿರ್ವಹಣೆ ಎಲ್ಲವನ್ನೂ ಹೊಸದಾಗಿ ಬರೆಯುವ ಬದಲು ಲಿನಕ್ಸನ್ನೇ ಹೈಪರ್‌ವೈಸರ್ ಮಾಡಿದರೆ? ವರ್ಚುವಲ್ ಯಂತ್ರ ಎಂದರೆ ಲಿನಕ್ಸಿನ ಕಣ್ಣಿಗೆ ಮತ್ತೊಂದು ಸಾಧಾರಣ ಪ್ರಾಸೆಸ್, ಅದರ ಪ್ರೊಸೆಸರ್ ಎಂದರೆ ಒಂದು ಥ್ರೆಡ್. ಉಳಿದ ಭಾರವನ್ನು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಹೊಸ ಚಿಪ್‌ಗಳು ಹೊತ್ತವು.

> ಮೇನ್‌ಫ್ರೇಮಿನಿಂದ ಮೋಡದವರೆಗೆ
>
> ಯಂತ್ರದೊಳಗೆ ಯಂತ್ರ ಎಂಬುದು ಹೊಸ ವಿದ್ಯೆಯಲ್ಲ. ಐಬಿಎಂ ತನ್ನ ಮೇನ್‌ಫ್ರೇಮ್‌ಗಳಿಗೆ ವಿಎಂ/370 ಘೋಷಿಸಿದ್ದು 1972ರಲ್ಲಿ. ಎಂಥ ಪ್ರೊಸೆಸರ್ ಮೇಲೆ ವರ್ಚುವಲ್ ಯಂತ್ರ ಕಟ್ಟಬಹುದು ಎಂಬ ಶಾಸ್ತ್ರೀಯ ನಿಯಮಗಳನ್ನು ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ 1974ರಲ್ಲಿ ಬರೆದರು. ನಮ್ಮ ಪಿಸಿಗಳ ಎಕ್ಸ್86 ಚಿಪ್ ಆ ನಿಯಮಗಳಿಗೆ ಹೊಂದುತ್ತಿರಲಿಲ್ಲ. ವಿಎಂವೇರ್ 1999ರಲ್ಲಿ ತಂತ್ರಾಂಶದ ಚಳಕದಿಂದ ಆ ಕೊರತೆ ದಾಟಿತು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಚಿಪ್‌ಗೇ ವರ್ಚುವಲೈಸೇಶನ್ ನೆರವು ಸೇರಿಸಿದವು. ಕುಮ್‌ರಾನೆಟ್ ಕಂಪನಿಯನ್ನು 2008ರಲ್ಲಿ ರೆಡ್ ಹ್ಯಾಟ್ 10.7 ಕೋಟಿ ಡಾಲರ್‌ಗೆ ಕೊಂಡಿತು.

ನಿನ್ನೆ ಓಡಿತ್ತಲ್ಲ?

ಲಿನಕ್ಸಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುತ್ತದೆ. ಪ್ರತಿ ಆವೃತ್ತಿಯಲ್ಲೂ ಹದಿಮೂರು ಹದಿನೈದು ಸಾವಿರ ಬದಲಾವಣೆಗಳು. ಇಷ್ಟು ಕೈಗಳು ಒಂದೇ ಕೋಡಿನಲ್ಲಿ ಆಡುವಾಗ, ನಿನ್ನೆ ಓಡುತ್ತಿದ್ದದ್ದು ಇಂದು ಮುಗ್ಗರಿಸುವುದು ಸಹಜ. ಇದನ್ನೇ ರಿಗ್ರೆಶನ್ ಎನ್ನುವುದು.

ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್‌ಗೆ ಸಿಟ್ಟು ಬರಿಸುವ ಸಂಗತಿಗಳ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ. ಕರ್ನಲ್ ಬದಲಾವಣೆಯಿಂದ ಬಳಕೆದಾರರ ಪ್ರೋಗ್ರಾಂ ಕೆಟ್ಟರೆ ತಪ್ಪು ಕರ್ನಲ್‌ದೇ, ಆ ಪ್ರೋಗ್ರಾಂ ಎಷ್ಟೇ ವಕ್ರವಾಗಿ ಬರೆದದ್ದಾಗಿರಲಿ. ಹೊಸ ಕೋಡ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕಿತ್ತುಹಾಕಬೇಕು.

ಕೆವಿಎಂ ಪಾಲಿಗೆ ಈ ನಿಯಮ ದುಪ್ಪಟ್ಟು ಬಿಗಿ. ಅದಕ್ಕೆ ಇಬ್ಬರು ಯಜಮಾನರು. ಹೊರಗಡೆ ಕ್ಯೂಎಮುವಿನಂಥ ಪ್ರೋಗ್ರಾಂ, ಯಂತ್ರ ಕಟ್ಟಿಕೊಡು ಎಂದು ಸಿಸ್ಟಂ ಕಾಲ್ ಮೂಲಕ ಕೇಳುತ್ತದೆ. ಒಳಗಡೆ ಗೆಸ್ಟ್, ಅಂದರೆ ವರ್ಚುವಲ್ ಯಂತ್ರದೊಳಗಿನ ಆಪರೇಟಿಂಗ್ ಸಿಸ್ಟಂ. ಅದು ಏನನ್ನೂ ಕೇಳುವುದಿಲ್ಲ. ಇಂಟೆಲ್ ಅಥವಾ ಎಎಂಡಿಯ ಸಾವಿರಾರು ಪುಟಗಳ ಕೈಪಿಡಿಯಲ್ಲಿ ಚಿಪ್ ಹೇಗೆ ವರ್ತಿಸುತ್ತದೆ ಎಂದು ಬರೆದಿದೆಯೋ ಹಾಗೆಯೇ ಎಲ್ಲವೂ ನಡೆಯಬೇಕು ಎಂದು ಸುಮ್ಮನೆ ನಿರೀಕ್ಷಿಸುತ್ತದೆ. ಕೈಪಿಡಿಯಲ್ಲಿ ಬರೆಯದೆ ಚಿಪ್ ಮಾಡುವ ಕೆಲಸಗಳನ್ನೂ ಕೆಲವು ಹಳೆಯ ಗೆಸ್ಟ್‌ಗಳು ನೆಚ್ಚಿಕೊಂಡಿರುತ್ತವೆ. ಅದೂ ನಡೆಯಬೇಕು.

ಗ್ರಾಫಿಕ್ಸ್ ಕಾರ್ಡ್ ಕೆಟ್ಟ ವರ್ಷ

2019ರ ಆರಂಭದಲ್ಲಿ ಕೆವಿಎಂಗೆ ಒಂದು ಸುಧಾರಣೆ ಬಂತು. ನೋಡಿದರೆ ಯಾರೂ ತಲೆದೂಗುವಂಥದ್ದು.

ಗೆಸ್ಟ್‌ನ ಮೆಮೊರಿಯನ್ನು ಕೆವಿಎಂ ಮೆಮ್‌ಸ್ಲಾಟ್ ಎಂಬ ತುಂಡುಗಳಾಗಿ ನಿರ್ವಹಿಸುತ್ತದೆ. ಗೆಸ್ಟ್‌ನ ಯಾವ ವಿಳಾಸ ನಿಜವಾದ ಮೆಮೊರಿಯ ಯಾವ ಜಾಗಕ್ಕೆ ಹೊಂದುತ್ತದೆ ಎಂಬ ನಕ್ಷೆ ಪುಟಕೋಷ್ಟಕಗಳಲ್ಲಿ ಇರುತ್ತದೆ. ಯಾವುದೋ ಒಂದು ಸ್ಲಾಟ್ ತೆಗೆದುಹಾಕಿದಾಗ ಕೆವಿಎಂ ಆ ಸ್ಲಾಟಿನದಷ್ಟೇ ಅಲ್ಲ, ಇಡೀ ಯಂತ್ರದ ನಕ್ಷೆಯನ್ನೇ ಅಳಿಸಿ ಮತ್ತೆ ಮೊದಲಿನಿಂದ ತುಂಬಿಕೊಳ್ಳುತ್ತಿತ್ತು. ದೇವರ ಕೋಣೆ ಸಾರಿಸಲು ಇಡೀ ಮನೆಯ ಸಾಮಾನನ್ನು ಅಂಗಳಕ್ಕೆ ಹಾಕಿದಂತೆ.

ಇದು ದಂಡ. ತೆಗೆದ ಸ್ಲಾಟಿನ ನಕ್ಷೆಯನ್ನು ಮಾತ್ರ ಅಳಿಸಿದರೆ ಸಾಕಲ್ಲ? ಆಗ ಇಂಟೆಲ್‌ನಲ್ಲಿದ್ದ ಶಾನ್ ಕ್ರಿಸ್ಟೋಫರ್ಸನ್ ಆ ತಿದ್ದುಪಡಿ ಬರೆದರು. ತರ್ಕ ನೇರವಾಗಿತ್ತು, ಕೋಡ್ ಸರಳವಾಗಿತ್ತು. ಅದು ಮುಖ್ಯವಾಹಿನಿಗೆ ಸೇರಿತು.

ಕೆಲವು ತಿಂಗಳು ಕಳೆಯಿತು. ರೆಡ್ ಹ್ಯಾಟ್‌ನ ಅಲೆಕ್ಸ್ ವಿಲಿಯಮ್ಸನ್ ದೂರು ತಂದರು. ಅವರು ವಿಎಫ್‌ಐಒ ಎಂಬ ಭಾಗದ ನಿರ್ವಾಹಕರು. ನಿಜವಾದ ಗ್ರಾಫಿಕ್ಸ್ ಕಾರ್ಡನ್ನು ಎತ್ತಿ ನೇರ ಗೆಸ್ಟ್‌ನ ಕೈಗೆ ಕೊಡುವ ವ್ಯವಸ್ಥೆ ಅದು. ಹಾಗೆ ಕಾರ್ಡ್ ಕೊಟ್ಟ ವಿಂಡೋಸ್ ಗೆಸ್ಟ್‌ಗಳು ಹೊಸ ಕರ್ನಲ್ ಮೇಲೆ ಕೆಡುತ್ತಿದ್ದವು. ಹಳೆಯದರ ಮೇಲೆ ಸರಿಯಿದ್ದವು. ಬದಲಾವಣೆಗಳನ್ನು ಅರ್ಧರ್ಧ ಮಾಡಿ ಹುಡುಕುತ್ತ ಹೋದರೆ ಬೆರಳು ಬಂದು ನಿಂತದ್ದು ಆ ಸರಳ ತಿದ್ದುಪಡಿಯ ಮೇಲೆ.

ತಿದ್ದುಪಡಿಯಲ್ಲಿ ತಪ್ಪೆಲ್ಲಿದೆ? ಎಲ್ಲರೂ ಓದಿದರು, ಮತ್ತೆ ಓದಿದರು. ಸಿಗಲಿಲ್ಲ.

ಆಗಸ್ಟ್‌ನಲ್ಲಿ ಕೆವಿಎಂ ನಿರ್ವಾಹಕ ಪಾವ್ಲೊ ಬೊಂಜಿನಿ ಅದನ್ನು ಹಿಂತೆಗೆದರು. ಜೊತೆಗೆ ಅವರು ಬರೆದ ಟಿಪ್ಪಣಿಯ ಸಾರ ಇಷ್ಟು: ದೋಷ ಬಹುಶಃ ಬೇರೆಲ್ಲೋ ಅಡಗಿದೆ, ಈಗಲೂ ಅಲ್ಲೇ ಇದೆ, ಆದರೂ ರಿಗ್ರೆಶನ್ ನಿಲ್ಲಿಸಲು ಇದನ್ನು ತೆಗೆಯಲೇಬೇಕು. ಓದಿದರೆ ನಗು ಬರುತ್ತದೆ, ಆದರೆ ಆ ಸಾಲಿನಲ್ಲಿ ಪ್ರಾಮಾಣಿಕತೆಯೂ ಇದೆ. ಕಳ್ಳ ಯಾರೆಂದು ಗೊತ್ತಿಲ್ಲ, ಸದ್ಯಕ್ಕೆ ಕಿಟಕಿ ಮುಚ್ಚೋಣ!

ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ದೋಷವಲ್ಲ. ಅದನ್ನು ಪುನಃ ತೋರಿಸಲು ಬೇಕಿದ್ದ ಸಾಮಗ್ರಿ. ಒಂದು ನಿರ್ದಿಷ್ಟ ಬಗೆಯ ಯಂತ್ರ, ಭೌತಿಕ ಗ್ರಾಫಿಕ್ಸ್ ಕಾರ್ಡ್, ಅದರ ಮುಚ್ಚಿದ ಡ್ರೈವರ್, ಒಳಗನ್ನು ತೋರಿಸದ ವಿಂಡೋಸ್. ಇದಷ್ಟನ್ನೂ ಹತ್ತು ಸಾಲಿನ ಗೆಸ್ಟ್ ಫಂಕ್ಷನ್ನಿಗೆ ಇಳಿಸಲು ಯಾರಿಗೂ ಆಗಲಿಲ್ಲ. ದೋಷವನ್ನು ಪುಟ್ಟದಾಗಿಸಲು ಆಗದಿದ್ದರೆ ಅದಕ್ಕೆ ಪರೀಕ್ಷೆ ಬರೆಯಲಾಗದು. ಪರೀಕ್ಷೆ ಇಲ್ಲದಿದ್ದರೆ, ಸರಿಹೋಯಿತು ಎಂದು ಹೇಳುವ ಹಕ್ಕು ಯಾರಿಗೂ ಇರುವುದಿಲ್ಲ. ಆಗ ಉಳಿಯುವುದು ಮಡಿ: ಅಲ್ಲಿ ಕೈ ಹಾಕಬೇಡಿ, ಹಿಂದೆ ಹೀಗೇ ಆಗಿತ್ತು.

ಕರ್ನಲ್‌ನಂಥ ಕಟ್ಟಾ ತರ್ಕದ ಲೋಕದಲ್ಲೂ ಮೂಢನಂಬಿಕೆ ಹುಟ್ಟುವ ಬಗೆ ಇದು. ರಿಗ್ರೆಶನ್ ಟೆಸ್ಟ್ ಎಂದರೆ ಗುಣಮಟ್ಟದ ಮುದ್ರೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗನ್ನಿಸುವಂತೆ ಅದರ ನಿಜವಾದ ಲಾಭ ಬೇರೆ: ಹಳೆಯ ಕೋಡನ್ನು ಮುಟ್ಟುವ ಧೈರ್ಯ.

ಒಂದೇ ಕಡತ, ಎರಡು ಲೋಕ

ಕೆವಿಎಂಗೆ ಮೊದಲಿನಿಂದಲೂ ಒಂದು ಪರೀಕ್ಷಾ ಸಂಗ್ರಹ ಇತ್ತು: ಕೆವಿಎಂ-ಯೂನಿಟ್-ಟೆಸ್ಟ್ಸ್. ಅದರಲ್ಲಿ ಪ್ರತಿ ಪರೀಕ್ಷೆಯೂ ಒಂದು ಪುಟಾಣಿ ಆಪರೇಟಿಂಗ್ ಸಿಸ್ಟಂ. ಕ್ಯೂಎಮು ಅದನ್ನು ಬೂಟ್ ಮಾಡುತ್ತದೆ, ಅದು ಪ್ರೊಸೆಸರಿನ ಮೂಲೆಮೂಲೆ ತಡಕಿ ನೋಡಿ ಫಲಿತಾಂಶ ಒಪ್ಪಿಸುತ್ತದೆ. ಎಕ್ಸ್86ನಲ್ಲಿ ಫಲಿತಾಂಶ ಒಪ್ಪಿಸುವ ಕ್ರಮ ತಮಾಷೆಯಾಗಿದೆ. ಅಲ್ಲಿ ಬಳಸುವ ಕ್ಯೂಎಮು ಸಾಧನ, ಕೊಟ್ಟ ಸಂಖ್ಯೆಯನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿ ಹೊರಗೆ ಕೊಡುತ್ತದೆ. ಹಾಗಾಗಿ ಗೆಸ್ಟ್ ಸೊನ್ನೆ ಹೇಳಿದರೆ ಹೊರಗೆ ಕೇಳುವುದು ಒಂದು. ಯೂನಿಕ್ಸ್ ಜಗತ್ತಿನಲ್ಲೆಲ್ಲ ಸೊನ್ನೆ ಬಂದರೆ ಪಾಸು, ಇಲ್ಲಿ ಒಂದು ಬಂದರೆ ಪಾಸು.

ಗೆಸ್ಟ್ ಬದಿಯನ್ನು ಇದು ಚೆನ್ನಾಗಿ ಪರೀಕ್ಷಿಸುತ್ತಿತ್ತು. ಹೊರಬದಿ, ಅಂದರೆ ಕ್ಯೂಎಮು ಕರೆಯುವ ಸಿಸ್ಟಂ ಕಾಲ್‌ಗಳ ಬದಿ, ಸಡಿಲವಾಗಿಯೇ ಉಳಿದಿತ್ತು. ಆ ಕೊರತೆ ನೀಗಿಸಲು 2018ರಲ್ಲಿ ಕರ್ನಲ್ ಮರದೊಳಗೇ ಕೆವಿಎಂ ಸೆಲ್ಫ್‌ಟೆಸ್ಟ್‌ಗಳಿಗೆ ಜಾಗ ಸಿಕ್ಕಿತು.

ಇದರ ರಚನೆ ನನಗೆ ತುಂಬ ಇಷ್ಟ. ಒಂದೇ ಸಿ ಕಡತ. ಅದರಲ್ಲಿ ಎರಡು ಫಂಕ್ಷನ್. ಒಂದು ಹೊರಲೋಕದಲ್ಲಿ ಓಡುತ್ತದೆ: ಕೆವಿಎಂ ಸಾಧನವನ್ನು ತೆರೆದು, ಯಂತ್ರ ಕಟ್ಟಿ, ಮೆಮೊರಿ ಕೊಟ್ಟು, ಪ್ರೊಸೆಸರ್ ಜೋಡಿಸಿ, ಓಡು ಎನ್ನುತ್ತದೆ. ಇನ್ನೊಂದು ಫಂಕ್ಷನ್ ಆ ಯಂತ್ರದೊಳಗೆ ಓಡುತ್ತದೆ. ಒಂದೇ ಕಂಪೈಲರ್ ಎರಡನ್ನೂ ಕಂಪೈಲ್ ಮಾಡುತ್ತದೆ, ಆದರೆ ಓಡುವ ಹೊತ್ತಿಗೆ ಇವೆರಡೂ ಬೇರೆ ಬೇರೆ ಯಂತ್ರಗಳಲ್ಲಿವೆ.

ಒಳಗಿನವ ಹೊರಗಿನವನಿಗೆ ಮಾತು ಮುಟ್ಟಿಸುವುದು ಯುಕಾಲ್ ಎಂಬ ಯುಕ್ತಿಯಿಂದ. ಎಕ್ಸ್86ನಲ್ಲಿ ಗೆಸ್ಟ್ ಒಂದು ಪೋರ್ಟನ್ನು ಓದಲು ಹೋಗುತ್ತದೆ. ಹಾಗೆ ಓದಹೊರಟೊಡನೆ ಪ್ರೊಸೆಸರ್ ಗೆಸ್ಟ್‌ನಿಂದ ಹೊರಬೀಳುತ್ತದೆ, ಕೆವಿಎಂ ಹಿಡಿತಕ್ಕೆ ಬಂದು, ಅಲ್ಲಿಂದ ಹೊರಗಿನ ಫಂಕ್ಷನ್ನಿಗೆ ಮರಳುತ್ತದೆ. "ಇಲ್ಲಿವರೆಗೆ ಬಂದೆ", "ಇದು ತಪ್ಪಿದೆ", "ಮುಗಿಯಿತು". ಗೆಸ್ಟ್ ಆಡುವ ಮಾತುಗಳು ಹೆಚ್ಚುಕಡಿಮೆ ಇಷ್ಟೇ.

ಈ ಅನುಕೂಲದಲ್ಲೇ ಗುಂಡಿಯೂ ಇದೆ. ಕಡತ ಒಂದೇ ಆದ್ದರಿಂದ, ಗೆಸ್ಟ್ ಕೋಡ್ ಬರೆಯುವಾಗ ಅಭ್ಯಾಸಬಲದಿಂದ ಸಿ ಲೈಬ್ರರಿಯ ಫಂಕ್ಷನ್ ಕರೆದುಬಿಡುವುದು ಸುಲಭ. ಒಳಗೆ ಆಪರೇಟಿಂಗ್ ಸಿಸ್ಟಂ ಇಲ್ಲವಲ್ಲ, ಯಂತ್ರ ಅಲ್ಲೇ ಕುಸಿಯುತ್ತದೆ. ನೀವು ಕರೆಯದಿದ್ದರೂ ಕಂಪೈಲರ್ ಕರೆಯಬಹುದು: ಮೆಮೊರಿ ಸೊನ್ನೆ ಮಾಡುವ ಪುಟ್ಟ ಲೂಪ್ ಕಂಡರೆ ಅದನ್ನು ಲೈಬ್ರರಿ ಕರೆಯಾಗಿ ಬದಲಿಸುವ ಚಟ ಅದಕ್ಕಿದೆ. ಹೊಸ ಕಂಪೈಲರ್‌ಗಳು ಇನ್ನೂ ಮುಂದೆ ಹೋಗಿ, ಕೇಳದೆಯೇ ಎವಿಎಕ್ಸ್ ಎಂಬ ಅಗಲ ರಿಜಿಸ್ಟರುಗಳ ಆಜ್ಞೆಗಳನ್ನು ತುರುಕತೊಡಗಿದವು. ಪರೀಕ್ಷಾ ಯಂತ್ರದಲ್ಲಿ ಎವಿಎಕ್ಸ್ ಚಾಲೂ ಮಾಡಿರಲಿಲ್ಲ. ಕೆವಿಎಂನಲ್ಲಿ ಯಾವ ದೋಷವೂ ಇಲ್ಲದೆ ಪರೀಕ್ಷೆಗಳು ಬಿದ್ದವು. ಕೊನೆಗೆ ಹಳೆಯ ಮಟ್ಟದ ಆಜ್ಞೆಗಳನ್ನಷ್ಟೇ ಬಳಸು ಎಂದು ಕಂಪೈಲರಿಗೆ ಮೂಗುದಾರ ಹಾಕಬೇಕಾಯಿತು.

> ಐದು ಬೈಟಿನ ಮಂತ್ರ
>
> ಗೆಸ್ಟ್‌ನ ಆಜ್ಞೆಗಳನ್ನು ಬಹುಪಾಲು ಚಿಪ್ ನೇರವಾಗಿಯೇ ನಡೆಸುತ್ತದೆ. ಕೆಲವೊಮ್ಮೆ ಮಾತ್ರ ಕೆವಿಎಂ ತಾನೇ ಆಜ್ಞೆಯ ಬೈಟ್‌ಗಳನ್ನು ಓದಿ, ಅರ್ಥಮಾಡಿಕೊಂಡು, ಚಿಪ್‌ನಂತೆ ನಟಿಸಬೇಕಾಗುತ್ತದೆ. ಈ ಎಮ್ಯುಲೇಟರ್ ತಪ್ಪುಗಳ ತವರು. ಹೊಸ ಚಿಪ್‌ಗಳಲ್ಲಿ ಅದಕ್ಕೆ ಕೆಲಸ ಕಡಿಮೆ, ಹಾಗಾಗಿ ಪರೀಕ್ಷಿಸುವುದು ಕಷ್ಟ. ಅದಕ್ಕೊಂದು ಗುಪ್ತ ಮಂತ್ರ ಮಾಡಿಕೊಂಡಿದ್ದಾರೆ. ಅಮಾನ್ಯ ಆಜ್ಞೆಯೊಂದರ ಎರಡು ಬೈಟ್, ಅದರ ಬೆನ್ನಿಗೆ ಕೆ, ವಿ, ಎಂ ಅಕ್ಷರಗಳ ಮೂರು ಬೈಟ್. ಒಟ್ಟು ಐದು. ಇದನ್ನು ಮುಂದಿಟ್ಟು ಯಾವ ಆಜ್ಞೆ ಬರೆದರೂ ಕೆವಿಎಂ ಅದನ್ನು ಚಿಪ್‌ಗೆ ಬಿಡದೆ ತಾನೇ ನಡೆಸುತ್ತದೆ. ಮಾಡ್ಯೂಲಿನ ಒಂದು ಆಯ್ಕೆಯನ್ನು ಚಾಲೂ ಮಾಡಿದರಷ್ಟೇ ಈ ಮಂತ್ರ ಫಲಿಸುತ್ತದೆ.

ಕೊಳೆಯಾದ ಪುಟಗಳ ಲೆಕ್ಕ

ಪರೀಕ್ಷೆ ಬರೆಯುವುದರಲ್ಲಿ ಬುದ್ಧಿ ಎಲ್ಲಿ ಬೇಕಾಗುತ್ತದೆ ಎಂದು ನೋಡಲು ಡರ್ಟಿ ಲಾಗ್ ಪರೀಕ್ಷೆಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಕ್ಲೌಡ್ ಕಂಪನಿಗಳು ಓಡುತ್ತಿರುವ ವರ್ಚುವಲ್ ಯಂತ್ರವನ್ನು ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಮೊದಲು ಮೆಮೊರಿಯನ್ನೆಲ್ಲ ನಕಲು ಮಾಡುವುದು. ನಕಲು ಮುಗಿಯುವಷ್ಟರಲ್ಲಿ ಗೆಸ್ಟ್ ಕೆಲವು ಪುಟಗಳಿಗೆ ಹೊಸದಾಗಿ ಬರೆದಿರುತ್ತದೆ. ಆ ಕೊಳೆಯಾದ ಪುಟಗಳನ್ನಷ್ಟೇ ಮತ್ತೆ ಕಳಿಸುವುದು. ಹೀಗೆ ಸುತ್ತು ಸುತ್ತು.

ಯಾವ ಪುಟ ಕೊಳೆಯಾಯಿತು ಎಂದು ಹೇಳುವುದು ಕೆವಿಎಂ ಕೆಲಸ. ಪುಟಕ್ಕೆ ಒಂದು ಬಿಟ್. ಒಂದು ಜಿಬಿ ಮೆಮೊರಿಯಲ್ಲಿ 4 ಕೆಬಿ ಪುಟಗಳು 2,62,144. ಅವುಗಳ ಲೆಕ್ಕ 32 ಕೆಬಿಯ ಪಟ್ಟಿಯಲ್ಲಿ ಹಿಡಿಯುತ್ತದೆ. ಅದರಲ್ಲಿ ಒಂದೇ ಒಂದು ಬಿಟ್ ತಪ್ಪಿದರೆ? ಯಂತ್ರ ಬಿದ್ದುಹೋಗುವುದಿಲ್ಲ, ಸಂದೇಶ ಬರುವುದಿಲ್ಲ. ಹೊಸ ಸರ್ವರಿನಲ್ಲಿ ಆ ಪುಟದ ಹಳೆಯ ಮಾಹಿತಿ ತಣ್ಣಗೆ ಕುಳಿತಿರುತ್ತದೆ. ಅದು ಯಾರದೋ ಖಾತೆಯ ಶಿಲ್ಕೂ ಆಗಿರಬಹುದು.

ಪರೀಕ್ಷೆ ಹೀಗೆ: ಗೆಸ್ಟ್ ಯಾದೃಚ್ಛಿಕವಾಗಿ ಆರಿಸಿದ ಪುಟಗಳಿಗೆ ಈಗಿನ ಸುತ್ತಿನ ಸಂಖ್ಯೆಯನ್ನು ಬರೆಯುತ್ತ ಹೋಗುತ್ತದೆ. ಹೊರಗಿನವನು ಆಗಾಗ ಪಟ್ಟಿ ತರಿಸಿಕೊಂಡು ಪುಟಗಳನ್ನು ತೆರೆದು ತಾಳೆ ನೋಡುತ್ತಾನೆ. ಬಿಟ್ ಎದ್ದಿದ್ದರೆ ಪುಟದಲ್ಲಿ ಈ ಸುತ್ತಿನ ಸಂಖ್ಯೆ ಇರಬೇಕು.

ನೇರ ಅನ್ನಿಸುತ್ತದೆ. ಆದರೆ ಗೆಸ್ಟ್ ಬರೆಯುತ್ತಿರುವಾಗಲೇ ಹೊರಗಿನವನು ಪಟ್ಟಿ ಕೇಳುತ್ತಾನಲ್ಲ? ಬಿಟ್ ಎದ್ದಿದೆ, ಬರಹ ಇನ್ನೂ ಮುಟ್ಟಿಲ್ಲ ಎಂಬ ಗಳಿಗೆ ಇರುತ್ತದೆ. ಗೆಸ್ಟ್ ಹಿಂದಿನ ಸುತ್ತಿನ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಹಿಡಿದುಕೊಂಡೇ ಹೊರಬಂದಿರಬಹುದು. ಅಲ್ಲೆಲ್ಲ ಕೆವಿಎಂ ತಪ್ಪಿಲ್ಲ, ಪರೀಕ್ಷೆ ಮಾತ್ರ ಅಳುತ್ತದೆ. ಹಾಗಾಗಿ ಯಾವ ವ್ಯತ್ಯಾಸ ಸಹಜ, ಯಾವುದು ದೋಷ ಎಂದು ಒಂದೊಂದನ್ನೂ ವಿಂಗಡಿಸಬೇಕು. ವಿನಾಯಿತಿ ಹೆಚ್ಚು ಕೊಟ್ಟರೆ ನಿಜವಾದ ದೋಷ ನುಣುಚಿಕೊಳ್ಳುತ್ತದೆ. ಕಡಿಮೆ ಕೊಟ್ಟರೆ ಸುಳ್ಳು ಎಚ್ಚರಿಕೆ. ಪದೇ ಪದೇ ಸುಳ್ಳು ಕೂಗುವ ಪರೀಕ್ಷೆಯನ್ನು ಜನ ಓಡಿಸುವುದನ್ನೇ ಬಿಡುತ್ತಾರೆ.

ಬೀಳದ ಪರೀಕ್ಷೆಗೆ ಬೆಲೆಯಿಲ್ಲ

ಕರ್ನಲ್ ಬರಹಗಾರರಲ್ಲಿ ಒಂದು ಶಿಸ್ತಿದೆ. ದೋಷಕ್ಕೆ ಪರೀಕ್ಷೆ ಬರೆದವರು ಮೊದಲು ಅದನ್ನು ದುರಸ್ತಿಯಾಗದ ಕರ್ನಲ್ ಮೇಲೆ ಓಡಿಸುತ್ತಾರೆ. ಅಲ್ಲಿ ಬೀಳಲೇಬೇಕು. ಬಿದ್ದದ್ದನ್ನು ಕಂಡ ಮೇಲೆ ದುರಸ್ತಿ ಹಾಕಿ ಮತ್ತೆ ಓಡಿಸುವುದು. ಬೀಳಬೇಕಾದಲ್ಲಿ ಬೀಳದ ಪರೀಕ್ಷೆ ಬಾಗಿಲಿಗೆ ಕಟ್ಟಿದ ಒಣ ತೋರಣ, ನೋಡಲು ಚೆನ್ನ.

ಆದರೆ ಕಳಿಸುವಾಗ ಕ್ರಮ ತಿರುಗುಮುರುಗು: ಮೊದಲು ದುರಸ್ತಿ, ಆಮೇಲೆ ಪರೀಕ್ಷೆ. ಕಾರಣ ಬೈಸೆಕ್ಟ್. ಹದಿನಾಲ್ಕು ಸಾವಿರ ಬದಲಾವಣೆಗಳಲ್ಲಿ ತಪ್ಪಿತಸ್ಥನನ್ನು ಹುಡುಕಲು ಅರ್ಧರ್ಧ ಮಾಡುತ್ತ ಹೋದರೆ ಹದಿನಾಲ್ಕು ಹೆಜ್ಜೆ ಸಾಕು. ದಾರಿಯ ನಡುವೆ ಎಲ್ಲೋ ಬೇರೆ ಪರೀಕ್ಷೆ ಬೀಳುತ್ತ ನಿಂತಿದ್ದರೆ ಹುಡುಕುವವರಿಗೆ ದಿಕ್ಕು ತಪ್ಪುತ್ತದೆ.

ಇನ್ನೊಂದು ಮೋಸ ಸ್ಕಿಪ್. ಯಂತ್ರದಲ್ಲಿ ಬೇಕಾದ ಸೌಲಭ್ಯ ಇಲ್ಲದಿದ್ದರೆ ಪರೀಕ್ಷೆ 4 ಎಂಬ ಸಂಕೇತ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ನ್ಯಾಯವೇ. ಇಂಟೆಲ್‌ನ ಪರೀಕ್ಷೆ ಎಎಂಡಿ ಮೇಲೆ ಓಡುವುದು ಹೇಗೆ? ಆದರೆ ವರದಿಯಲ್ಲಿ ಕೆಂಪು ಎಲ್ಲೂ ಇಲ್ಲ ಎಂದು ಹಿಗ್ಗುವ ಮುನ್ನ ಎಷ್ಟು ಪರೀಕ್ಷೆ ನಿಜಕ್ಕೂ ಓಡಿದವು ಎಂದು ಎಣಿಸಬೇಕು. ಶಾಲೆಗೇ ಬಾರದವನು ಫೇಲಾಗಿಲ್ಲ, ಹೌದು.

ಆದ್ದರಿಂದಲೇ ಕೆವಿಎಂ ಎಕ್ಸ್86 ನಿರ್ವಾಹಕರು ಕೋಡ್ ಕಳಿಸುವವರಿಗಾಗಿ ಬರೆದಿಟ್ಟ ಕೈಪಿಡಿಯಲ್ಲಿ ಪರೀಕ್ಷೆಯ ಮಾತಿಗೆ ದೊಡ್ಡ ಪಾಲು. ಸಾಮಾನ್ಯ ಭಾಗ ಮುಟ್ಟಿದರೆ ಎರಡೂ ಸಂಗ್ರಹಗಳನ್ನು ಓಡಿಸಿರಬೇಕು. ಪುಟಕೋಷ್ಟಕದ ಕೋಡ್ ಮುಟ್ಟಿದರೆ ಚಿಪ್‌ನ ನೆರವು ಇದ್ದಾಗ, ಇಲ್ಲದಾಗ ಎರಡು ಬಗೆಯಲ್ಲೂ ನೋಡಿರಬೇಕು. ಹೊಸ ಸೌಲಭ್ಯ ತಂದರೆ ಜೊತೆಗೆ ಪರೀಕ್ಷೆಯನ್ನೂ ತರಬೇಕು.

ನಮ್ಮ ಐಟಿ ಕಂಪನಿಗಳಲ್ಲಿ "ಅವನು ಟೆಸ್ಟಿಂಗ್‌ನಲ್ಲಿದ್ದಾನೆ" ಎಂದರೆ ಮದುವೆ ಮಾತುಕತೆಯಲ್ಲೂ ಧ್ವನಿ ಅರ್ಧ ಸ್ಥಾಯಿ ಇಳಿಯುವುದುಂಟು. ಕೋಡ್ ಬರೆಯುವವರು ಒಂದು ಪಂಕ್ತಿ, ಪರೀಕ್ಷಿಸುವವರು ಇನ್ನೊಂದು. ಕರ್ನಲ್‌ನಲ್ಲಿ ಈ ಪಂಕ್ತಿಭೇದವಿಲ್ಲ; ಕೋಡ್ ಬರೆದ ಕೈಯೇ ಪರೀಕ್ಷೆಯನ್ನೂ ಬರೆಯುತ್ತದೆ. ಬೆಂಗಳೂರಿನಲ್ಲಿ ಇಂಟೆಲ್, ಎಎಂಡಿ, ಐಬಿಎಂ, ರೆಡ್ ಹ್ಯಾಟ್‌ಗಳ ಎಂಜಿನಿಯರಿಂಗ್ ಕಚೇರಿಗಳಿವೆ, ಕರ್ನಲ್‌ಗೆ ಕೋಡ್ ಕಳಿಸುವವರೂ ಈ ಊರಿನಲ್ಲಿದ್ದಾರೆ. ಅವರಿಗೆ ಈ ಮಾತು ಹೊಸದಲ್ಲ.

ಭಾರತೀಯ ಎಂಜಿನಿಯರ್ ಅನೂಪ್ ಪಟೇಲ್ ರಿಸ್ಕ್-ಫೈವ್ ಚಿಪ್‌ಗಳಿಗೆ ಕೆವಿಎಂ ತಂದ ಕಥೆಯೂ ಇಲ್ಲಿ ನೆನಪಾಗುತ್ತದೆ. ಕೋಡ್ 2019ರಲ್ಲೇ ತಯಾರಿತ್ತು. ಆದರೆ ಚಿಪ್‌ನ ಹೈಪರ್‌ವೈಸರ್ ನಿಯಮಾವಳಿ ಅಂತಿಮವಾಗಿರಲಿಲ್ಲ. ಅದು ಗಟ್ಟಿಯಾಗುವವರೆಗೆ ಕಾದು, ಕೋಡ್ ಸೇರಿದ್ದು 2022ರ ಜನವರಿಯಲ್ಲಿ ಬಂದ ಲಿನಕ್ಸ್ 5.16ಕ್ಕೆ. ಅಷ್ಟು ದಿನವೂ ಅದನ್ನು ಹೆಚ್ಚಾಗಿ ಓಡಿಸಿ ನೋಡಿದ್ದು ಕ್ಯೂಎಮು ಅನುಕರಿಸಿ ತೋರಿಸಿದ ಚಿಪ್ ಮೇಲೆ.

ಪರೀಕ್ಷೆಗೂ ಸಿಗದ ಕಳ್ಳ

ಎಲ್ಲ ರಿಗ್ರೆಶನ್‌ಗಳೂ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. 2020ರ ಕೊನೆಗೆ ಬಂದ ಲಿನಕ್ಸ್ 5.10ರಲ್ಲಿ ಎಎಂಡಿ ಕೋಡಿಗೆ ಒಂದು ಸುಧಾರಣೆ ಸೇರಿತು. ಯಂತ್ರದೊಳಗಿನ ಯಂತ್ರದೊಳಗೆ ಮತ್ತೊಂದು ಯಂತ್ರ ಓಡಿಸುವ ಸೌಲಭ್ಯಕ್ಕೆ ಬೇಕಾದ ಮೆಮೊರಿಯನ್ನು ಅಗತ್ಯ ಬಿದ್ದಾಗಲಷ್ಟೇ ಕೊಡುವ ಮಿತವ್ಯಯದ ಬದಲಾವಣೆ.

ಅದರಲ್ಲಿ ಒಂದು ಬಿರುಕು ಉಳಿಯಿತು. ಗೆಸ್ಟ್ ಕೊಟ್ಟ ನಿಯಂತ್ರಣ ಪತ್ರವನ್ನು ಕೆವಿಎಂ ಗೆಸ್ಟ್‌ನ ಮೆಮೊರಿಯಲ್ಲೇ ಓದಿ ಪರಿಶೀಲಿಸುತ್ತದೆ. ಸರಿಯಿದೆ ಎಂದ ಮೇಲೆ, ಅದೇ ಪತ್ರವನ್ನು ಎರಡನೇ ಸಲ ಓದಿ ಬಳಸುತ್ತದೆ. ಎರಡು ಓದಿನ ನಡುವಿನ ಗಳಿಗೆಯಲ್ಲಿ ಗೆಸ್ಟ್‌ನ ಇನ್ನೊಂದು ಪ್ರೊಸೆಸರ್ ಪತ್ರ ತಿದ್ದಿದರೆ? ಗೂಗಲ್ ಪ್ರಾಜೆಕ್ಟ್ ಝೀರೊದ ಫೆಲಿಕ್ಸ್ ವಿಲ್ಹೆಲ್ಮ್ ಇದನ್ನು ಹಿಡಿದರು. ಹಿಡಿದದ್ದಷ್ಟೇ ಅಲ್ಲ, ಕ್ಯೂಎಮುವಿನಂಥ ಹೊರಗಿನ ತಂತ್ರಾಂಶದ ತಪ್ಪನ್ನು ಆಶ್ರಯಿಸದೆ, ಗೆಸ್ಟ್‌ನಿಂದ ನೇರ ಅದನ್ನು ಹೊತ್ತ ಆತಿಥೇಯ ಯಂತ್ರಕ್ಕೆ ನುಗ್ಗಿ ತೋರಿಸಿದರು. ದುರಸ್ತಿ 2021ರ ಮಾರ್ಚ್‌ನಲ್ಲಿ ಬಂತು, ಅವರ ವಿವರಣೆ ಜೂನ್‌ನಲ್ಲಿ.

ಪರೀಕ್ಷೆಗಳು ಅಷ್ಟೂ ದಿನ ಪಾಸಾಗುತ್ತಲೇ ಇದ್ದವು. ಅವು ನಯವಾದ ಗೆಸ್ಟ್‌ಗಳು; ಕೊಟ್ಟ ಪತ್ರವನ್ನು ನಡುವೆ ತಿದ್ದುವ ದುರ್ಬುದ್ಧಿ ಅವಕ್ಕೆ ಇರಲಿಲ್ಲ. ಕುಚೋದ್ಯಕ್ಕೆಂದೇ ಬೇರೆ ಉಪಕರಣಗಳಿವೆ. ಗೂಗಲ್‌ನ ಸಿಜ್‌ಬಾಟ್ 2017ರಿಂದ ಕರ್ನಲ್‌ಗೆ ಹುಚ್ಚುಹುಚ್ಚಾದ ಸಿಸ್ಟಂ ಕಾಲ್‌ಗಳ ಸರಮಾಲೆ ಎಸೆಯುತ್ತ, ಕುಸಿದಾಗ ಕುಸಿಯಿಸಿದ ಪ್ರೋಗ್ರಾಮನ್ನೂ ಸಾಧ್ಯವಾದಲ್ಲಿ ಕೊಡುತ್ತದೆ. ಅಂಥ ಪ್ರೋಗ್ರಾಮನ್ನು ತೊಳೆದು ಒಪ್ಪ ಮಾಡಿದರೆ ಒಳ್ಳೆಯ ರಿಗ್ರೆಶನ್ ಟೆಸ್ಟ್.

> ಹೊರಬಂದವರಿಗೆ ಎರಡೂವರೆ ಲಕ್ಷ
>
> ಗೆಸ್ಟ್ ಯಂತ್ರದಿಂದ ತಪ್ಪಿಸಿಕೊಂಡು ಆತಿಥೇಯ ಯಂತ್ರಕ್ಕೆ ನುಗ್ಗಿ ತೋರಿಸಿದವರಿಗೆ 2,50,000 ಡಾಲರ್! ಗೂಗಲ್ 2023ರಲ್ಲಿ ಘೋಷಿಸಿ, 2024ರಲ್ಲಿ ಆರಂಭಿಸಿದ ಕೆವಿಎಂಸಿಟಿಎಫ್ ಸ್ಪರ್ಧೆಯ ಅತಿ ದೊಡ್ಡ ಬಹುಮಾನ ಇದು. ಸ್ಪರ್ಧಿಗೆ ಒಂದು ಗೆಸ್ಟ್ ಯಂತ್ರ ಕೊಡುತ್ತಾರೆ. ಅಲ್ಲಿಂದ ಆತಿಥೇಯ ಕರ್ನಲ್‌ನೊಳಗಿನ ಕೆವಿಎಂ ಮೇಲೆ ದಾಳಿ ಮಾಡಬೇಕು. ಕ್ಯೂಎಮು ದೋಷಗಳಿಗೆ ಇಲ್ಲಿ ಬಹುಮಾನವಿಲ್ಲ.

ಮಡಿ ಸಡಿಲವಾದ ಬಗೆ

ಗ್ರಾಫಿಕ್ಸ್ ಕಾರ್ಡಿನ ಪ್ರಕರಣ ಏನಾಯಿತು?

ವರ್ಷಗಳು ಉರುಳಿದವು. ಕೆವಿಎಂನ ಪುಟಕೋಷ್ಟಕ ಕೋಡಿನ ಬಹುಭಾಗ ಹೊಸದಾಗಿ ಬರೆಯಲ್ಪಟ್ಟಿತು. ಆ ದೋಷ ಅಷ್ಟರಲ್ಲಿ ತಾನಾಗಿ ಸತ್ತಿತೋ, ಇನ್ನೂ ಉಸಿರಾಡುತ್ತಿದೆಯೋ ಯಾರೂ ಪ್ರಮಾಣ ಮಾಡಿ ಹೇಳುವಂತಿರಲಿಲ್ಲ. ಒಂದು ಸ್ಲಾಟ್ ತೆಗೆದರೆ ಎಲ್ಲ ನಕ್ಷೆ ಅಳಿಸುವ ಪದ್ಧತಿ ಹಾಗೆಯೇ ಮುಂದುವರಿಯಿತು.

ಆಮೇಲೆ ಇಂಟೆಲ್ ಟಿಡಿಎಕ್ಸ್ ತಂದಿತು. ಆತಿಥೇಯ ಯಂತ್ರವೂ ಇಣುಕಲಾಗದ ಗುಪ್ತ ಗೆಸ್ಟ್‌ಗಳ ವ್ಯವಸ್ಥೆ ಅದು. ಇಲ್ಲಿ ಗೆಸ್ಟ್‌ನ ಖಾಸಗಿ ಪುಟವನ್ನು ನಕ್ಷೆಯಿಂದ ತೆಗೆದರೆ ಅದರೊಳಗಿನ ಮಾಹಿತಿಯೂ ಹೋದಂತೆ. ಮತ್ತೆ ಸೇರಿಸಿದಾಗ ಗೆಸ್ಟ್ ಅದನ್ನು ಹೊಸ ಪುಟವೆಂದು ಒಪ್ಪಿಕೊಳ್ಳಬೇಕು. ಎಲ್ಲವನ್ನೂ ಅಳಿಸಿ ತುಂಬುವ ಹಳೆಯ ಪದ್ಧತಿ ಇಲ್ಲಿ ನಡೆಯುವಂತೆಯೇ ಇಲ್ಲ. 2019ರ ತಿದ್ದುಪಡಿಯನ್ನು ಮತ್ತೆ ಬಾಗಿಲಿಗೆ ಕರೆಯಲೇಬೇಕಾಯಿತು.

2024ರಲ್ಲಿ ಇಂಟೆಲ್‌ನ ಎಂಜಿನಿಯರೊಬ್ಬರು ರಾಜಿ ಸೂತ್ರ ತಂದರು. ಹಳೆಯ ಪದ್ಧತಿಗೆ ಕ್ವರ್ಕ್ ಎಂಬ ಪಟ್ಟ ಕಟ್ಟುವುದು. ಸಾಮಾನ್ಯ ಗೆಸ್ಟ್‌ಗಳಿಗೆ ಅದು ಚಾಲೂ, ಬೇಡವೆಂದವರು ಆಫ್ ಮಾಡಿಕೊಳ್ಳಬಹುದು, ಗುಪ್ತ ಗೆಸ್ಟ್‌ಗಳಿಗೆ ಆಫ್. ಲಿನಕ್ಸ್ 6.12ರಲ್ಲಿ ಇದು ಸೇರಿತು. ಟಿಡಿಎಕ್ಸ್ ಗೆಸ್ಟ್ ಓಡಿಸುವ ಮೂಲ ಸೌಲಭ್ಯ 2025ರ ಜುಲೈಯ 6.16ರಲ್ಲಿ ಬಂತು.

ಈ ಸಲ ತಿದ್ದುಪಡಿ ಬರಿಗೈಲಿ ಬರಲಿಲ್ಲ. ಜೊತೆಗೆ ಸೆಲ್ಫ್‌ಟೆಸ್ಟ್‌ಗಳನ್ನೂ ಕಟ್ಟಿಕೊಂಡು ಬಂತು. ಕ್ವರ್ಕ್ ಚಾಲೂ ಇದ್ದಾಗ, ಆಫ್ ಆದಾಗ, ಎರಡರಲ್ಲೂ ಸ್ಲಾಟ್ ಸರಿಸಿ, ಅಳಿಸಿ, ಓಡುತ್ತಿರುವ ಗೆಸ್ಟ್‌ನ ಕಾಲಡಿಯಲ್ಲೇ ಬದಲಿಸಿ ನೋಡುವ ಪರೀಕ್ಷೆಗಳು. ಇನ್ನು ಮುಂದೆ ಯಾರು ಆ ಕೋಡಿಗೆ ಕೈ ಹಾಕಿದರೂ ಅವು ಕಾವಲಿರುತ್ತವೆ.

2019ರ ಮೂಲ ದೋಷಕ್ಕೆ ಮಾತ್ರ ಇಂದಿಗೂ ಪರೀಕ್ಷೆಯಿಲ್ಲ. ಕ್ವರ್ಕ್ ಆಫ್ ಮಾಡಿ, ವಿಂಡೋಸ್ ಗೆಸ್ಟ್‌ಗೆ ಗ್ರಾಫಿಕ್ಸ್ ಕಾರ್ಡ್ ಕೊಟ್ಟು, ಹಳೆಯ ಯಂತ್ರವೊಂದರ ಮುಂದೆ ಕೆಲವು ರಾತ್ರಿ ಕೂರುವ ತಾಳ್ಮೆಯುಳ್ಳವರಿಗೆ ಆ ಕೆಲಸ ಇನ್ನೂ ಖಾಲಿ ಇದೆ.